ಗೀಜಗ ಮತ್ತು ಸ್ಟಾಕ್ ರಿಜಿಸ್ಟರ್

19 ಜುಲೈ 2025, ಶನಿವಾರ
ಮೈಸೂರು, ರಾತ್ರಿ

"ಮೇಡಂ, ಪುಸ್ತಕ ಕೊಡೋರು ಸಿಗ್ತಾರೆ. ಹರಿದುಹೋದ್ರೂ ಪರವಾಗಿಲ್ಲ ಅಂತ ಬರೆದುಕೊಡೋರು ಒಬ್ಬರಾದ್ರೂ ಇದ್ರೆ ಕರ್ಕೊಂಡ್ ಬನ್ನಿ."

ನಾನು ಪುಸ್ತಕ ಕೊಡಲು ಹೋಗಿದ್ದ ಶಾಲೆಯ ಹೆಡ್ ಮೇಡಂ ಇದನ್ನು ನಗುತ್ತಲೇ ಹೇಳಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಅದೇ ಯೋಚನೆ.

ಮೊದಲೆಲ್ಲ ಶಾಲೆಗೆ ಪುಸ್ತಕ ಕಳಿಸುವುದು ಇಷ್ಟು ದೊಡ್ಡ ಕೆಲಸವಾಗಿರಲಿಲ್ಲ. ಐದು ಕೆಜಿ ಕಟ್ಟು ಕಟ್ಟಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಮಾಡಿದರೆ ಸಾಕಿತ್ತು, ಕಡಿಮೆ ದುಡ್ಡಿನಲ್ಲಿ ಹೋಗುತ್ತಿತ್ತು. ಅದನ್ನು 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ನಿಲ್ಲಿಸಿತು. ಆಮೇಲೆ ಪುಸ್ತಕದ ಬೆಲೆಗಿಂತ ಕಳಿಸುವ ಖರ್ಚೇ ಜಾಸ್ತಿ ಅನ್ನಿಸಿ, ನಾನೇ ಹೊರತೊಡಗಿದೆ. 2025ರ ಮೇ ತಿಂಗಳಲ್ಲಿ ‘ಜ್ಞಾನ ಪೋಸ್ಟ್’ ಅಂತ ಕಡಿಮೆ ದರದ ಸೇವೆ ಬಂದಿದೆ, ಆದರೂ ಹೊತ್ತುಕೊಂಡು ಹೋಗುವ ಅಭ್ಯಾಸ ಬಿಟ್ಟಿಲ್ಲ. ನನಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ಚೀಲ ಕಾಲಿನ ಹತ್ತಿರ. ನಿನ್ನೆ ಆಷಾಢ ಶುಕ್ರವಾರ ಅಂತ ಊರೆಲ್ಲ ಚಾಮುಂಡಿ ಬೆಟ್ಟಕ್ಕೆ ಬಂದ ಜನ. ಇವತ್ತು ಎಚ್.ಡಿ. ಕೋಟೆ ಬಸ್ಸಲ್ಲಿ ಸೀಟು ಸಿಕ್ಕಿತು, ಅಷ್ಟೇ ಪುಣ್ಯ.

ಶನಿವಾರ ಬೆಳಗಿನ ಶಾಲೆ ಅಲ್ವಾ, ನಾನು ಹೋದಾಗ ಬಿಡುವ ಹೊತ್ತು ಹತ್ತಿರವಾಗಿತ್ತು. ಮಳೆ ಜಿಟಿಜಿಟಿ. ಹೆಡ್ ಮೇಡಂ ರೂಮಿನಲ್ಲಿ ಪುಸ್ತಕದ ಬೀರು. ಹೋದ ವರ್ಷ ಕೊಟ್ಟ ಪುಸ್ತಕಗಳನ್ನು ನೋಡಬಹುದಾ ಅಂತ ಕೇಳಿದೆ. ಕೀಲಿ ತೆಗೆದರು. ನುಸಿಗುಳಿಗೆಯ ವಾಸನೆ ಗಪ್ಪಂತ ಮುಖಕ್ಕೆ ಬಂತು. ಎಲ್ಲ ಪುಸ್ತಕಕ್ಕೂ ಪೇಪರ್ ಬೈಂಡ್ ಹಾಕಿ, ಮೊದಲ ಪುಟದಲ್ಲಿ ಶಾಲೆಯ ಸೀಲು ಒತ್ತಿ, ಅದರ ಕೆಳಗೆ ಕೆಂಪು ಇಂಕಿನಲ್ಲಿ ನಂಬರು ಬರೆದಿದ್ದಾರೆ. ಅಕ್ಷರ ಮುತ್ತಿನ ಹಾಗಿದೆ. ಅಯಸ್ಕಾಂತದ ಪುಸ್ತಕ ತೆಗೆದು ನೋಡಿದೆ. ಹಾಳೆ ಹಾಳೆಗೆ ಅಂಟಿಕೊಂಡಿತ್ತು. ಬಿಡಿಸಿದರೆ ಚರ್ ಅಂತ ಸದ್ದು. ಅಂದರೆ ಯಾರೂ ತೆರೆದೇ ಇಲ್ಲ.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಹೇಳಿದ್ದು ಕೇಳಿದ ಮೇಲೆ ಆ ಸಿಟ್ಟನ್ನು ಯಾರ ಮೇಲೆ ತೋರಿಸುವುದು ಅಂತ ಗೊತ್ತಾಗಲಿಲ್ಲ.

ಅವರು ವರ್ಗಾವಣೆ ಪಟ್ಟಿಯಲ್ಲಿದ್ದಾರೆ. ಹೋಗುವಾಗ ಚಾರ್ಜ್ ಕೊಡಬೇಕು. ಚಾರ್ಜ್ ಅಂದರೆ ಕುರ್ಚಿ, ಗಡಿಯಾರ, ಬಿಸಿಯೂಟದ ಪಾತ್ರೆ, ಪುಸ್ತಕ, ಎಲ್ಲವೂ ರಿಜಿಸ್ಟರ್‌ನಲ್ಲಿ ಇದ್ದ ಹಾಗೆ ಲೆಕ್ಕಕ್ಕೆ ಸಿಗಬೇಕು. ಹಿಂದೆ ಇದ್ದ ಶಾಲೆಯಲ್ಲಿ ಮಕ್ಕಳ ಕೈಗೆ ಪುಸ್ತಕ ಕೊಟ್ಟು, ಕೆಲವು ವಾಪಸ್ ಬರದೆ, ಚಾರ್ಜ್ ಕೊಡುವ ದಿನ ಇವರೇ ಅಂಗಡಿಯಿಂದ ಕೊಂಡು ತುಂಬಿಸಿದ್ದಾರೆ. ಸಿಗದ ಪುಸ್ತಕಕ್ಕೆ ದುಡ್ಡು ಕಟ್ಟಿದ್ದಾರೆ. "ಕಳೆದದ್ದು ಹೋಗಲಿ ಮೇಡಂ, ಹರಿದದ್ದನ್ನ ಬಿಸಾಕೋ ಹಾಗೂ ಇಲ್ಲ. ಅದೂ ಸ್ಟಾಕೇ. ಅರ್ಧ ಪುಸ್ತಕಾನ ಕಟ್ಟಿಟ್ಕೊಂಡು ಕಾಯ್ಬೇಕು."

ದಾನ ಬಂದ ಪುಸ್ತಕಕ್ಕೂ ಹೀಗೇನಾ ಅಂದೆ. "ದಾನ ಬಂದಿದ್ದು ಅಂತ ರಿಜಿಸ್ಟರಿಗೆ ಗೊತ್ತಾಗುತ್ತಾ?"

ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ಲೈಬ್ರರಿಗೆ ಅನುದಾನ ಇದೆ, ಪ್ರೈಮರಿ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ. ಹಾಗೆ ಬಂದದ್ದೂ ಅದೇ ಬೀರಿನಲ್ಲಿ, ನಾನು ಕೊಟ್ಟದ್ದರ ಪಕ್ಕದಲ್ಲೇ ಇದೆ. ಪುಸ್ತಕ ಕಡಿಮೆ ಇದೆ ಅಂತ ನಾವು ಚೀಲ ಹೊರುತ್ತೇವೆ. ಬೀಗಕ್ಕೆ ಯಾರೂ ಏನೂ ಮಾಡುವುದಿಲ್ಲ.

ನಲಿ-ಕಲಿ ಶುರುವಾಗಿದ್ದು ಇದೇ ತಾಲ್ಲೂಕಿನಲ್ಲಿ, 1995ರಲ್ಲಿ. ಮಕ್ಕಳೇ ಎದ್ದು ಹೋಗಿ ತಮಗೆ ಬೇಕಾದ ಕಾರ್ಡು ತೆಗೆದುಕೊಂಡು, ಕೆಲಸ ಮುಗಿಸಿ, ವಾಪಸ್ ಇಡುವ ಪದ್ಧತಿ. ಪಕ್ಕದ ಕೋಣೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ಇವತ್ತೂ ಹಾಗೇ ಕಾರ್ಡು ತೆಗೆಯುತ್ತಿದ್ದವು. ಮೂಲೆಯೆಲ್ಲ ಸವೆದು ನಾರುನಾರಾದ ಕಾರ್ಡುಗಳು. ಅವಕ್ಕೆ ಯಾರೂ ಅಳುವುದಿಲ್ಲ. ಗೋಡೆಯ ಈಚೆ ಪುಸ್ತಕಕ್ಕೆ ಮಾತ್ರ ಬೀಗ.

"ಸೀಮೆಸುಣ್ಣ ಹೇಗೆ ಬರ್ಕೋತೀರಿ?" ಅಂತ ಕೇಳಿದೆ.

"ಅದು ಖರ್ಚಾಗೋ ಸಾಮಾನು. ಬಂತು, ಖರ್ಚಾಯ್ತು, ಮುಗೀತು."

"ಇದನ್ನೂ ಹಾಗೇ ಬರೆದುಬಿಡಿ."

ತುಂಬ ಹೊತ್ತು ನಕ್ಕರು. ಆಮೇಲೆ, "ಸಿಆರ್‌ಪಿ ಸರ್ ನೋಡಿದ್ರೆ ಏನಂತಾರೋ" ಅಂದರು. ಸಿಆರ್‌ಪಿ ಅಂದರೆ ಸುತ್ತಲಿನ ಶಾಲೆಗಳಿಗೆ ಬಂದು ನೋಡಿಹೋಗುವ ಇಲಾಖೆಯವರು. ಬೇಡ ಅನ್ನಲಿಲ್ಲ, ಆಯ್ತು ಅಂತಲೂ ಅನ್ನಲಿಲ್ಲ.

ಅಷ್ಟರಲ್ಲಿ ಐದನೇ ಕ್ಲಾಸಿನ ಮಕ್ಕಳು ಚೀಲದ ಸುತ್ತ ಸೇರಿದ್ದವು. ಈ ಸಲ ಆರಿಸಿ ತಂದಿದ್ದೆ. ಅಪಾರ್ಟ್‌ಮೆಂಟಿನವರು ಕೊಟ್ಟ ದೊಡ್ಡ ಡಬ್ಬ ಮನೆಯಲ್ಲೇ ಉಳಿಯಿತು. ಅದರ ತುಂಬ ಇಂಗ್ಲಿಷ್ ಗೈಡುಗಳು, ಹಳೇ ಸಿಇಟಿ ಪ್ರಶ್ನೆಪತ್ರಿಕೆಗಳು, ಪ್ಲೂಟೊ ಇನ್ನೂ ಒಂಬತ್ತನೇ ಗ್ರಹವಾಗಿ ಕೂತಿರುವ ಒಂದು ದಪ್ಪ ಪುಸ್ತಕ. ಪ್ಲೂಟೊನ ಆ ಪಟ್ಟಿಯಿಂದ ತೆಗೆದದ್ದು 2006ರಲ್ಲಿ! ಈ ಮಕ್ಕಳು ಆಗ ಹುಟ್ಟೇ ಇರಲಿಲ್ಲ. ಅಟ್ಟ ಖಾಲಿ ಮಾಡುವುದಕ್ಕೆ ಜನ ದಾನ ಅನ್ನುತ್ತಾರೆ. ಕೊಡುವವರ ಮುಖ ನೋಡಿ ಬೇಡ ಅನ್ನಲಾಗುವುದಿಲ್ಲ. ತಂದಿಟ್ಟುಕೊಂಡು ಪೇಪರ್ ಅಂಗಡಿಗೆ ಹಾಕುವುದು, ಬಂದ ದುಡ್ಡಿಗೆ ತೆಳ್ಳಗಿನ ಕನ್ನಡ ಪುಸ್ತಕ ಕೊಳ್ಳುವುದು. ನವಕರ್ನಾಟಕದ್ದು, ಪ್ರಥಮ್ ಬುಕ್ಸ್‌ನದು, ಎನ್‌ಬಿಟಿಯದು ಒಂದಷ್ಟು. ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೇ ಸಂಚಿಕೆಗಳೂ ಇದ್ದವು. ತೆಳ್ಳಗಿದ್ದರೆ ಮಕ್ಕಳು ಮುಟ್ಟುತ್ತವೆ. ದಪ್ಪ ಇದ್ದರೆ ಮೇಷ್ಟ್ರದ್ದು ಅಂದುಕೊಳ್ಳುತ್ತವೆ.

ಒಬ್ಬ ಹುಡುಗ, ಶರ್ಟಿನ ಒಂದು ಗುಂಡಿ ಇಲ್ಲ, ಹಕ್ಕಿ ಪುಸ್ತಕ ಹಿಡಿದು ನೆಲದ ಮೇಲೆ ಕೂತ. ಗೀಜಗದ ಪುಟ. ಉದ್ದ ಕೊಳವೆ ಇರುವ ಗೂಡಿನ ಚಿತ್ರ.

"ಇದು ಪೂರ್ತಿ ಆಗಿರೋದು ಮಿಸ್. ನಮ್ ಬಾವಿತಾವ ಅರ್ಧ ಅರ್ಧನೇ ಜಾಸ್ತಿ ಅವೆ. ಅದ್ಯಾಕ್ ಮಿಸ್ ಅರ್ಧುಕ್ಕೇ ಬುಟ್ಟೋಯ್ತದೆ?"

ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಪುಟ ತಿರುಗಿಸು ಅಂದೆ.

ಬೆರಳಿಟ್ಟು ಓದಿದ. ಗೂಡು ಕಟ್ಟುವುದು ಗಂಡು. ಅರ್ಧ ಕಟ್ಟಿ, ಅದಕ್ಕೆ ಜೋತುಬಿದ್ದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ನೋಡುತ್ತದೆ. ಹಿಡಿಸಿದರೆ ಉಳಿದದ್ದನ್ನು ಗಂಡು ಕಟ್ಟುತ್ತದೆ. ಹಿಡಿಸದಿದ್ದರೆ... ಅಲ್ಲಿಗೆ ನಿಲ್ಲಿಸಿದ. ತಲೆ ಎತ್ತಿದ.

"ಒಪ್ಕಂಡಿಲ್ಲ ಅವ್ಳು!"

ಎಲ್ಲರೂ ಗೊಳ್ಳೆಂದರು. ಪಕ್ಕದ ಹುಡುಗಿ ಮಾತ್ರ ನಗಲಿಲ್ಲ. "ಅಷ್ಟೊಂದು ಹುಲ್ಲು ತಂದಿದ್ದು ವೇಸ್ಟಾ?" ಅಂದಳು. ಮುಂದೆ ಓದಿದರೆ ಇನ್ನೂ ಇತ್ತು. ಹೆಣ್ಣು ಮೊಟ್ಟೆ ಇಟ್ಟು ಕಾವಿಗೆ ಕೂತ ಮೇಲೆ ಗಂಡು ಇನ್ನೊಂದು ಗೂಡು ಶುರು ಮಾಡುತ್ತದೆ, ಬೇರೆ ಹೆಣ್ಣಿಗೆ. ಇದನ್ನು ಓದಿ ಹುಡುಗ ಹೆಡ್ ಮೇಡಂ ಕಡೆ ಕಳ್ಳನೋಟ ನೋಡಿದ. ಅವರು ಏನೂ ಕೇಳಿಸದವರ ಹಾಗೆ ರಿಜಿಸ್ಟರ್ ನೋಡುತ್ತಿದ್ದರು.

ಇದನ್ನೆಲ್ಲ ಸರಿಯಾಗಿ ಕಂಡು ಬರೆದವರು ಹಕ್ಕಿ ತಜ್ಞ ಸಲೀಂ ಅಲಿ. 1930ರಲ್ಲಿ ಕೈಯಲ್ಲಿ ಕೆಲಸ ಇಲ್ಲ, ಮಹಾರಾಷ್ಟ್ರದ ಕಡಲ ಪಕ್ಕದ ಕಿಹಿಂ ಎಂಬ ಊರಿನಲ್ಲಿ ಇದ್ದರು. ಮನೆ ಹತ್ತಿರದ ಗೀಜಗಗಳನ್ನು ಸುಮ್ನೆ ನೋಡುತ್ತ ಕೂತರು. ಅದಕ್ಕೂ ಮೊದಲು ಒಂದು ಗಂಡು, ಒಂದು ಹೆಣ್ಣು, ಒಂದು ಸಂಸಾರ ಅಂತಲೇ ತಿಳಿದುಕೊಂಡಿದ್ದರಂತೆ. ಮಕ್ಕಳಿಗೆ ಇದನ್ನು ಹೇಳಿದೆ. ಅವರಿಗೆ ಹಿಡಿಸಿದ್ದು ಕೆಲಸ ಇಲ್ಲದೆ ಹಕ್ಕಿ ನೋಡುತ್ತ ಕೂತರು ಅನ್ನುವುದು. "ಬಯ್ತಿರ್ಲಿಲ್ವಾ ಮನೇಲಿ?"

ಬೆಲ್ ಆಯಿತು. ಹುಡುಗ ಪುಸ್ತಕ ಬಿಡಲಿಲ್ಲ. ಮನೆಗೆ ಒಯ್ಯಬೇಕಂತೆ, ಅಜ್ಜಿಗೆ ತೋರಿಸಬೇಕಂತೆ. ಗೀಜಗ ಗೂಡಿನೊಳಗೆ ಹಸಿ ಮಣ್ಣು ಮೆತ್ತಿ, ಅದಕ್ಕೆ ಮಿಣುಕುಹುಳ ಅಂಟಿಸಿ, ರಾತ್ರಿ ದೀಪ ಮಾಡಿಕೊಳ್ಳುತ್ತದೆ ಅಂತ ಅಜ್ಜಿ ಹೇಳಿದ್ದಾರೆ. ಪುಸ್ತಕದಲ್ಲಿ ಮಣ್ಣಿನ ವಿಷಯ ಇದೆ, ಮಿಣುಕುಹುಳ ಇಲ್ಲ. ಗಾಳಿಗೆ ಗೂಡು ಜಾಸ್ತಿ ಓಲಾಡದಿರಲಿ ಅಂತ ಇರಬಹುದು ಅಂತಷ್ಟೇ ಬರೆದಿದ್ದಾರೆ. "ಅಜ್ಜಿ ಸುಳ್ಳಾ, ಪುಸ್ತಕ ಸುಳ್ಳಾ ಮಿಸ್?" ಗೂಡು ಕೆಳಗೆ ಬಿದ್ದಾಗ ಬಿಡಿಸಿ ನೋಡು ಅಂದೆ. ಮರದ ಮೇಲಿರುವುದನ್ನು ಕೀಳಬೇಡ ಅಂತಲೂ ಸೇರಿಸಿದೆ. ಇವನನ್ನು ನಂಬಲಾಗದು.

ನಾನು ಹೆಡ್ ಮೇಡಂ ಮುಖ ನೋಡಿದೆ. ಅವರು ಬೀರು ನೋಡಿದರು, ಹುಡುಗನ ನೋಡಿದರು, ಪೆನ್ನಿನ ಕ್ಯಾಪ್ ಹಾಕಿದರು.

"ಇವತ್ತು ಶನಿವಾರ. ಎಂಟ್ರಿ ಸೋಮವಾರ ಮಾಡ್ತೀನಿ. ಅಲ್ಲೀವರೆಗೂ ಇದು ಶಾಲೆ ಪುಸ್ತಕ ಅಲ್ಲ."

ಅಷ್ಟೇ ಸಾಕಾಯಿತು. ಚೀಲ ಐದು ನಿಮಿಷದಲ್ಲಿ ಖಾಲಿ. ಒಬ್ಬಳು ಪುಸ್ತಕವನ್ನು ಯೂನಿಫಾರ್ಮಿನೊಳಗೆ ತುರುಕಿಕೊಂಡು ಮಳೆಯಲ್ಲಿ ಓಡಿದಳು. ನೆನೆಯುತ್ತದಲ್ಲ ಅಂತ ನನಗೇ ಒಂದು ಕ್ಷಣ ಹೊಟ್ಟೆ ಉರಿಯಿತು. ಹೊಸ ಪುಸ್ತಕ!

ಬಸ್ಸಿನಲ್ಲಿ ನಿದ್ದೆ. ಮನೆಗೆ ಬಂದು ಕಾಫಿ. ಕಾಲು ನೋಯುತ್ತಿದೆ. ಅಮ್ಮನ ಮಾತ್ರೆ ತರುವುದು ಇವತ್ತೂ ಮರೆತೆ, ಬೈಸಿಕೊಂಡೆ.

ಸಂಜೆ ಅಕ್ಕನ ಮೆಸೇಜು ಬಂತು, ಅಮೆರಿಕದಿಂದ. ಈ ಸಲದ ಪುಸ್ತಕಕ್ಕೆ ದುಡ್ಡು ಕೊಟ್ಟವಳು ಅವಳು, ಅವಳ ಕನ್ನಡ ಕೂಟದ ಗೆಳತಿಯರು. "ಫೋಟೋ ಎಲ್ಲಿ? ಮಕ್ಕಳು ಪುಸ್ತಕ ಹಿಡ್ಕೊಂಡು ಸಾಲಾಗಿ ನಿಂತಿರೋದು ಒಂದು. ಶಾಲೆ ಸೀಲ್ ಇರೋ ರಸೀದಿ ಒಂದು." ತಪ್ಪೇನಿಲ್ಲ. ಹತ್ತು ಜನರ ದುಡ್ಡು, ಲೆಕ್ಕ ಬೇಕು. ಆದರೆ ಸೀಲು ಹಾಕಿ ರಸೀದಿ ಕೊಟ್ಟರೆ ರಿಜಿಸ್ಟರ್‌ಗೆ ಹೋಗಲೇಬೇಕು. ರಿಜಿಸ್ಟರ್‌ಗೆ ಹೋದರೆ ಬೀರು, ಬೀಗ, ನುಸಿಗುಳಿಗೆ.

ಇಲ್ಲಿ ಮನೆ ಕಂದಾಯ ಕಟ್ಟುವಾಗ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ಹಿಡಿಯುತ್ತಾರೆ. ಅದಕ್ಕೆ ನಾನು ಯಾವತ್ತಾದರೂ ಫೋಟೋ ಕೇಳಿದ್ದೀನಾ? ಇದನ್ನು ಅಕ್ಕನಿಗೆ ಹೇಳಿದರೆ ವಾದಕ್ಕೆ ನಿಲ್ಲುತ್ತಾಳೆ.

ಹೊಸ ಹೆಡ್ ಯಾರು ಬರುತ್ತಾರೋ. ಅವರು ಸೋಮವಾರದ ಲೆಕ್ಕ ಒಪ್ಪುವವರೋ ಅಲ್ಲವೋ. ಚಾರ್ಜ್ ಕೊಡುವ ದಿನಕ್ಕೆ ಅಂತಲೇ ಒಂದಿಷ್ಟು ದುಡ್ಡು ಎತ್ತಿಟ್ಟರೆ ಹೇಗೆ? ಕಳೆದುಹೋದ ಪುಸ್ತಕಕ್ಕೆ ಕೊಡುವ ದುಡ್ಡು. ಅದನ್ನು ಅಕ್ಕನ ಕೂಟದವರಿಗೆ ಹೇಗೆ ವಿವರಿಸುವುದು? ನಾಳೆ ಬೆಳಿಗ್ಗೆ ಫೋನ್ ಮಾಡಿದರೆ ಅವಳಿಗೆ ಶನಿವಾರ ರಾತ್ರಿ, ಪುರುಸೊತ್ತಾಗಿ ಇರುತ್ತಾಳೆ. ಮೊದಲು ಗೀಜಗದ ಹುಡುಗನ ಕಥೆ ಹೇಳಿ, ಆಮೇಲೆ ಮೆಲ್ಲಗೆ ರಸೀದಿಯ ವಿಷಯಕ್ಕೆ ಬಂದರೆ ಅವಳು ಒಪ್ಪಿದರೂ, ಆ ಖಜಾಂಚಿ ಗೆಳತಿ ಇದ್ದಾಳಲ್ಲ, ಅವಳು...