ಹಳದಿ ಪಟ್ಟೆ ಬಿಡಿ, ಕಿವಿ ನೋಡಿ

ದಕ್ಷಿಣ ಅಮೆರಿಕದಲ್ಲಿ ಹಗಲು ಹಾರುವ, ಕಪ್ಪು ರೆಕ್ಕೆಯ ಮೇಲೆ ಬುಡದಿಂದ ಅಂಚಿನತ್ತ ಹಳದಿ ಇಲ್ಲವೇ ಕಿತ್ತಳೆ ಪಟ್ಟೆ ಎಳೆದಂತಿರುವ ಪತಂಗಗಳಿವೆ. ಹಲವು ನೋಟೊಡಾಂಟಿಡೇ ಕುಟುಂಬದ ಜೋಸಿಯಾ ಮತ್ತದರ ಬಳಗದವು. ಇನ್ನು ಕೆಲವು ಜಿಯೊಮೆಟ್ರಿಡೇ ಕುಟುಂಬದವು: ಸ್ಟೆರಿನೇ ಉಪಕುಟುಂಬದ ಸಿಲ್ಲೊಪೋಡಿನಿ ಗುಂಪಿನ ಸಿಲ್ಲೊಪೋಡಾ, ಅಟೈರಿಯಾ ಮುಂತಾದವು. ಫೋಟೊ ನೋಡಿ ಹೆಸರು ಹೇಳುವವರು ಎಡವುವುದು ಇಲ್ಲೇ.

ಸಾಮಾನ್ಯವಾಗಿ ಜಿಯೊಮೆಟ್ರಿಡ್ ಪತಂಗ ರೆಕ್ಕೆಗಳನ್ನು ಚಪ್ಪಟೆಯಾಗಿ ಹರಡಿ ಕೂರುತ್ತದೆ. ಮುಂದಿನ ರೆಕ್ಕೆಯ ಅಡ್ಡಗೆರೆ ಹಿಂದಿನ ರೆಕ್ಕೆಗೂ ಮುಂದುವರಿದು ತೊಗಟೆಯಲ್ಲೋ ಎಲೆಯಲ್ಲೋ ಮರೆಯಾಗುತ್ತದೆ. ಸಿಲ್ಲೊಪೋಡಿನಿಗಳಲ್ಲಿ ಆ ವಿನ್ಯಾಸದ ಗುರುತೇ ಉಳಿದಿಲ್ಲ. ಹಾಗಾಗಿ ಬಣ್ಣವನ್ನು ವರ್ಗೀಕರಣಕ್ಕೆ ಆಧಾರ ಮಾಡುವುದು, ಒಂದನ್ನು ಇನ್ನೊಂದೆಂದು ನಂಬಿ ಹಕ್ಕಿ ಬೀಳುವ ಬಲೆಗೆ ನಾವೂ ಬಿದ್ದಂತೆ.

ನಂಬಬಹುದಾದ ಲಕ್ಷಣ ಕಿವಿ. ಜಿಯೊಮೆಟ್ರಿಡ್‌ಗಳ ಕಿವಿ ಹೊಟ್ಟೆಯ ಬುಡದಲ್ಲಿ, ಕೆಳಬದಿಗೆ ಜೋಡಿ ಕುಳಿಗಳಾಗಿರುತ್ತದೆ; ಒಳಗೆ ಆನ್ಸಾ ಎಂಬ ಸಣ್ಣ ಗಟ್ಟಿ ಚಾಚು. ನೋಟೊಡಾಂಟಿಡ್‌ಗಳ ಕಿವಿ ಎದೆಯ ಕೊನೆಯ ಖಂಡದಲ್ಲಿ. ಒಣಗಿದ ಮಾದರಿಯಾದರೆ ಸಣ್ಣ ಕುಂಚದಿಂದ ಹೊಟ್ಟೆ–ಎದೆ ಸೇರುವಲ್ಲಿನ ಹುರುಪೆಯನ್ನು (ಪುಡಿಯಂಥ ಹೊದಿಕೆ) ಸವರಿ ತೆಗೆದು, 20 ಪಟ್ಟು ಹಿಗ್ಗಿಸುವ ಸ್ಟೀರಿಯೊ ಮೈಕ್ರೋಸ್ಕೋಪಿನಡಿ ಓರೆ ಬೆಳಕಿನಲ್ಲಿ ನೋಡಿ. ಒಂದು ಎಚ್ಚರಿಕೆ: ನೋಟೊಡಾಂಟಿಡೇ ಸೇರಿರುವ ನಾಕ್ಟುಯಿಡ್ ಮಹಾಕುಟುಂಬದ ಹಲವು ಪತಂಗಗಳಲ್ಲಿ ಎದೆಯ ಕಿವಿಗೆ ಎದುರಾಗಿ ಹೊಟ್ಟೆಯ ಮೊದಲ ಖಂಡದಲ್ಲಿ ಮುಸುಕಿನಂಥ ಉಬ್ಬೊಂದಿರುತ್ತದೆ. ಅದನ್ನೇ ಹೊಟ್ಟೆಯ ಕಿವಿ ಎಂದುಕೊಂಡರೆ ಕುಟುಂಬವೇ ಬದಲಾಗಿಬಿಡುತ್ತದೆ. ಕಿವಿಯ ತಮಟೆಯಾದ ತೆಳು ಪೊರೆ ಎಲ್ಲಿ ಬಿಗಿದುಕೊಂಡಿದೆ ಎಂದು ಹುಡುಕಿ. ಕುಳಿ ಮಾತ್ರ ಸಾಲದು.

ಎರಡನೇ ಸಾಕ್ಷಿ ರೆಕ್ಕೆಗೆ ಆಧಾರವಾದ ಗೆರೆಗಳ, ಅಂದರೆ ರೆಕ್ಕೆಯ ನರಗಳದ್ದು. ರೆಕ್ಕೆಯ ಅಡಿಗೆ 70% ಆಲ್ಕೊಹಾಲ್ ಒಂದು ಹನಿ ಬಿಟ್ಟರೆ ಹುರುಪೆ ಪಾರದರ್ಶಕವಾಗಿ ನರಗಳು ಕಾಣುತ್ತವೆ. ಆರುವುದರೊಳಗೆ ಚಿತ್ರ ತೆಗೆದುಕೊಳ್ಳಿ. ಜಿಯೊಮೆಟ್ರಿಡ್‌ಗಳ ಹಿಂದಿನ ರೆಕ್ಕೆಯಲ್ಲಿ ಮೊದಲ ನರ ಬುಡದಲ್ಲೇ ಚೂಪಾಗಿ ಬಾಗಿರುತ್ತದೆ. ಕುಟುಂಬ ಖಚಿತವಾದ ಮೇಲೆ, ಹಿಂದಿನ ರೆಕ್ಕೆಯ ನಡುನರ ಎಂ2 ಸ್ಪಷ್ಟವಾಗಿದ್ದರೆ ಜಿಯೊಮೆಟ್ರಿಡೇಯ ಇನ್ನೊಂದು ಉಪಕುಟುಂಬವಾದ ಎನ್ನೊಮಿನೇಯ ಸಾಧ್ಯತೆ ಬಹುತೇಕ ದೂರ, ಏಕೆಂದರೆ ಅಲ್ಲಿ ಅದು ಸಾಮಾನ್ಯವಾಗಿ ಇಲ್ಲ ಅಥವಾ ಬರೀ ಮಡಿಕೆ. ಸ್ಟೆರಿನೇಯಲ್ಲಿ ಎಂ2 ಇದೆ.

ಮರಿ ಸಿಕ್ಕರಂತೂ ಇಷ್ಟೆಲ್ಲ ಬೇಡ. ಜಿಯೊಮೆಟ್ರಿಡ್‌ನದು ಮೈ ಬಿಲ್ಲಿನಂತೆ ಬಾಗಿಸಿ ನಡೆಯುವ ಕೊಂಡಿಹುಳು, ಹುಸಿಗಾಲು (ಹೊಟ್ಟೆಯಡಿಯ ತಿರುಳುಗಾಲು) ಸಾಮಾನ್ಯವಾಗಿ ಹೊಟ್ಟೆಯ ಆರನೇ ಮತ್ತು ಹತ್ತನೇ ಖಂಡಗಳಲ್ಲಿ ಮಾತ್ರ. ಜೋಸಿಯಾ ಮರಿಗೆ ನಡುಹೊಟ್ಟೆಯಲ್ಲಿ ನಾಲ್ಕು ಜೋಡಿ ಹುಸಿಗಾಲು, ಊಟಕ್ಕೆ ಪ್ಯಾಶನ್ ಹಣ್ಣಿನ ಬಳಗದ ಪ್ಯಾಸಿಫ್ಲೋರಾ ಬಳ್ಳಿ.

ಯಾರು ಯಾರನ್ನು ಅನುಕರಿಸುತ್ತಾರೆ ಎಂಬುದನ್ನು ರೆಕ್ಕೆ ಹೇಳದು. ಹಕ್ಕಿಗೆ ಒಂದು ರುಚಿಯಾಗಿದ್ದು ಇನ್ನೊಂದು ಕಹಿಯಾಗಿದ್ದರೆ ಬೇಟ್ಸ್ ಬಗೆಯ ಅನುಕರಣೆ, ಎರಡೂ ಕಹಿಯಾದರೆ ಮುಲ್ಲರ್ ಬಗೆ. ಹಕ್ಕಿಗೆ ಕೊಟ್ಟು ನೋಡದೆ ಆ ಹಣೆಪಟ್ಟಿ ಹಚ್ಚುವುದು ಅವಸರ.

ಜಾತಿಯ ಮಟ್ಟಕ್ಕೆ ಹೋಗಲು ಜನನಾಂಗ ಬಿಡಿಸಬೇಕು. ಡಿಎನ್‌ಎಗೆ ಬೇಕಾದ ಒಂದು ಕಾಲನ್ನು ಮೊದಲೇ ಕತ್ತರಿಸಿಡಿ, ಕಿವಿಯ ಚಿತ್ರವನ್ನೂ ತೆಗೆದುಕೊಳ್ಳಿ. ಆಮೇಲೆ ಹೊಟ್ಟೆಯನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ರಾತ್ರಿಯಿಡೀ ನೆನೆಸಿ. ಬಿಸಿ ಮಾಡಿ ಹೆಚ್ಚು ಹೊತ್ತು ಬಿಟ್ಟರೆ ತೆಳು ಪೊರೆಗಳು ಮೊದಲು ಹಾಳಾಗುತ್ತವೆ.