ಕಣಕಿಯ ಕಟ್ಟು

ನಾನು ಪಿಯುಸಿ ಓದಿದ್ದು 1998ರಲ್ಲಿ. ಆಗಿನ್ನೂ ನಮ್ಮ ಕಲಬುರಗಿ ಕಾಗದದ ಮೇಲೆ ಗುಲ್ಬರ್ಗಾ. ಒಂದು ದಿನ ಪ್ರಾಕ್ಟಿಕಲ್‌ನಲ್ಲಿ ಉಳ್ಳಾಗಡ್ಡಿ ಬೇರಿನ ತುದಿಗೆ ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ತುಸು ಬಿಸಿ ಮಾಡಿ, ಹೆಬ್ಬೆರಳಿನಿಂದ ಒತ್ತಿ ಸ್ಲೈಡ್ ಮಾಡಿದೆವು. ಕೋಶವೊಂದು ಎರಡಾಗುವ ಹೊತ್ತಿಗೆ ಹಾಗೇ ನಿಂತುಬಿಟ್ಟಿತ್ತು. ಕ್ರೋಮೋಸೋಮ್‌ಗಳು ಕೆಂಪಗೆ ಎರಡು ಕಡೆ ಸರಿದಿದ್ದವು.

ರೆಕಾರ್ಡಿನಲ್ಲಿ ಚಿತ್ರ ಬರೆದೆ. ಪುಸ್ತಕದ ಚಿತ್ರ ತಲೆಯಲ್ಲಿತ್ತು, ಎರಡೂ ತುದಿಗೆ ಒಂದೊಂದು ಜೋಡಿ ಸೆಂಟ್ರಿಯೋಲ್, ಅಂದರೆ ಕೋಶ ಎರಡಾಗುವಾಗ ತುದಿಗಳಲ್ಲಿ ನಿಲ್ಲುವ ಸಣ್ಣ ಕೊಳವೆಯಂಥ ರಚನೆ, ಸೇರಿಸಿದೆ. ಮೇಡಂ ಅದಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು.

"ಇದು ಎಲ್ಲಿ ಕಂಡಿತವ್ವಾ ನಿನಗ? ಕಂಡದ್ದಷ್ಟೇ ಬರಿ."

ಹೂ ಬಿಡುವ ಗಿಡಗಳ ಕೋಶದಲ್ಲಿ ಸೆಂಟ್ರಿಯೋಲ್ ಇರುವುದೇ ಇಲ್ಲ. ಕ್ರೋಮೋಸೋಮ್‌ಗಳನ್ನು ಎಳೆಯುವ ಎಳೆಗಳು ಅಲ್ಲಿ ಅದಿಲ್ಲದೆಯೇ ಕಟ್ಟಿಕೊಳ್ಳುತ್ತವೆ. ನಾನು ಬರೆದದ್ದು ಪ್ರಾಣಿಯ ಕೋಶ.

ಮರುದಿನ ಮೇಡಂ ಮನೆಯಿಂದ ಜೋಳದ ಕಣಕಿ ತಂದರು. ಗೇಣುದ್ದ ಕತ್ತರಿಸಿ, ಮೂರು ಮೂರು ಸೇರಿಸಿ ದಾರ ಸುತ್ತಿದರು. ಅಂಥ ಒಂಬತ್ತು ಕಟ್ಟು. ಒಂಬತ್ತನ್ನೂ ತುಸು ವಾಲಿಸಿ ದುಂಡಗೆ ನಿಲ್ಲಿಸಿದಾಗ ನಡುವೆ ಖಾಲಿ ಜಾಗ ಉಳಿಯಿತು. "ಕಣಕಿ ಒಳಗ ಬೆಂಡು ಅದ. ಖರೇ ಸೆಂಟ್ರಿಯೋಲಿನ ನಳಿಗೆ ಪೊಳ್ಳು, ನೆನಪಿಡ್ರಿ" ಅಂದರು. ನಾವು ಒಂಬತ್ತು ಕಟ್ಟಿನ ಅಂಥದೇ ಇನ್ನೊಂದು ಸೆಂಟ್ರಿಯೋಲ್ ಮಾಡಿ ಮೊದಲನೆಯದಕ್ಕೆ ಅಡ್ಡಲಾಗಿ ಇಟ್ಟೆವು. ಪ್ರಾಣಿ ಕೋಶದಲ್ಲಿ ಇವು ಹೀಗೆಯೇ ಜೋಡಿಯಾಗಿ, ಒಂದಕ್ಕೊಂದು ಅಡ್ಡಲಾಗಿ ಇರುತ್ತವೆ. ಅಗಲ ಸುಮಾರು 0.2 ಮೈಕ್ರೋಮೀಟರ್, ಉದ್ದ ಅದರ ಎರಡು ಪಟ್ಟಿಗಿಂತ ತುಸು ಜಾಸ್ತಿ. ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿಗೆ ಆ ನಳಿಗೆಗಳು ಕಾಣುವುದು ಸಾಧ್ಯವೇ ಇರಲಿಲ್ಲ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು.

ಕೋಶ ಎರಡಾಗುವ ಮೊದಲು ಪ್ರತಿ ಸೆಂಟ್ರಿಯೋಲಿನ ಪಕ್ಕದಲ್ಲಿ ಹೊಸದೊಂದು ಬೆಳೆಯುತ್ತದೆ. ಆಮೇಲೆ ಜೋಡಿಗಳು ಎರಡು ತುದಿಗೆ ಹೋಗುತ್ತವೆ. ಇಷ್ಟು ಪರೀಕ್ಷೆಗೆ ಎಲ್ಲರೂ ಓದಿದ್ದೆವು. ನನಗೆ ಹಿಡಿಸಿದ್ದು ಇನ್ನೊಂದು ಕೆಲಸ. ನಮ್ಮ ಉಸಿರುನಾಳದ ಒಳಗೋಡೆಯ ಕೋಶಗಳ ಮೇಲೆ ಸಣ್ಣ ರೋಮಗಳಿವೆ, ಪ್ರತಿ ರೋಮದ ಬುಡದಲ್ಲೂ ಸೆಂಟ್ರಿಯೋಲಿನಂಥದೇ ಕಟ್ಟು. ತೊಗರಿ ರಾಶಿ ಮಾಡುವಾಗ ಒಳಗೆ ಹೋದ ಧೂಳನ್ನು ಕಫದ ಜೊತೆ ಮೇಲಕ್ಕೆ ದೂಡುವುದು ಆ ರೋಮಗಳೇ. ಅವತ್ತು ಮನೆಗೆ ಹೋಗಿ ಅಪ್ಪನಿಗೆ ಇದನ್ನೇ ಹೇಳಿದ್ದೆ.

"ಒಂಬತ್ತೇ ಯಾಕ್ರೀ ಮೇಡಂ?" ಅಂತ ಕೇಳಿದೆ. ಮೇಡಂ ಕಣಕಿ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗೊತ್ತಿಲ್ಲವ್ವಾ" ಅಂದರು. ಇಡೀ ಕ್ಲಾಸಿನ ಮುಂದೆ ಹಾಗೆ ಹೇಳಿದ ಟೀಚರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಉತ್ತರದ ದೊಡ್ಡ ಪಾಲು ಸಿಕ್ಕಿದ್ದು 2011ರಲ್ಲಿ. ಸಾಸ್-6 ಎಂಬ ಪ್ರೋಟೀನ್ ಎರಡೆರಡಾಗಿ ಸೇರುತ್ತದೆ. ಅಂಥ ಒಂಬತ್ತು ಜೋಡಿ ಕೂಡಿ ಬಂಡಿಯ ಗಾಲಿಯ ಹಾಗೆ ಸುತ್ತು ಕಟ್ಟುತ್ತವೆ. ಸೆಂಟ್ರಿಯೋಲ್ ಬೆಳೆಯುವುದು ಆ ಗಾಲಿಯ ಸುತ್ತ.

ಇದನ್ನು ಓದಿದ ಮೇಲೆ ಮೇಡಂ ಮನೆಗೆ ಹೋದೆ. ರಿಟೈರ್ ಆಗಿದ್ದರು. ಹೇಳಿದ್ದನ್ನೆಲ್ಲ ಕೇಳಿ, ಗೋಡೆಯ ಕ್ಯಾಲೆಂಡರಿನಿಂದ ಹಳೇ ತಿಂಗಳ ಹಾಳೆ ಹರಿದು ಕೈಗೆ ಕೊಟ್ಟರು. ಹಿಂಬದಿಯಲ್ಲಿ ಗಾಲಿ ಬರೆದೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಕಡ್ಡಿಯ ಮೇಲೆ ಬೆರಳಿಟ್ಟು ಒಂಬತ್ತರ ತನಕ ಎಣಿಸಿದರು.