ನಮ್ಮ ಬಾಯ್ಲರಿಗೆ 55 ಸಾಕು

ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಮನೆಯಲ್ಲಿ ಗ್ಯಾಸಿನಿಂದ ನೀರು ಕಾಯಿಸುವ ಬಾಯ್ಲರ್ ಇರುವುದು ಅಡುಗೆಮನೆಯ ಕಪಾಟಿನಲ್ಲಿ, ಅಕ್ಕಿ ಡಬ್ಬದ ಪಕ್ಕ. ಅದರ ಮೇಲೆ ಎರಡು ಗುಂಡಿಗಳಿವೆ. ನಲ್ಲಿಯ ಚಿತ್ರವಿರುವುದು ಸ್ನಾನದ ನೀರಿಗೆ, ರೇಡಿಯೇಟರ್ ಚಿತ್ರವಿರುವುದು ಮನೆ ಬೆಚ್ಚಗಿಡುವುದಕ್ಕೆ. ರೇಡಿಯೇಟರ್ ಅಂದರೆ ಬಾಯ್ಲರಿನ ಬಿಸಿನೀರು ಒಳಗೆ ಹರಿದು ಕೋಣೆಯನ್ನು ಬಿಸಿ ಮಾಡುವ ಲೋಹದ ಫಲಕ. ಬಾಯ್ಲರ್ ಕೂರಿಸಿದವರು ಎರಡನೆಯದನ್ನು, ಅಂದರೆ ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು, 75 ಡಿಗ್ರಿಗೆ ಇಟ್ಟು ಹೋಗಿದ್ದರು. ಮೂರು ಚಳಿಗಾಲ ನಾನು ಅದನ್ನು ಮುಟ್ಟಿರಲೇ ಇಲ್ಲ.

ಇಲ್ಲಿ 2005ರಿಂದ ಮನೆಗಳಿಗೆ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರ್ ಹೆಚ್ಚುಕಡಿಮೆ ಎಲ್ಲವೂ ಕಂಡೆನ್ಸಿಂಗ್ ಬಾಯ್ಲರ್. ಗ್ಯಾಸ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಗ್ಯಾಸಿನ ಒಟ್ಟು ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲು ಆ ಆವಿಯಲ್ಲೇ ಅಡಗಿರುತ್ತದೆ. ಆವಿ ಬಾಯ್ಲರಿನ ಒಳಗೇ ನೀರಾದರೆ ಆ ಶಾಖ ನಮಗೆ ಸಿಗುತ್ತದೆ, ಇಲ್ಲದಿದ್ದರೆ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ನೀರಾಗಬೇಕೆಂದರೆ ಮನೆಯೆಲ್ಲ ಸುತ್ತಿ ಬಾಯ್ಲರಿಗೆ ವಾಪಸ್ ಬರುವ ನೀರು 55 ಡಿಗ್ರಿಗಿಂತ ಕಡಿಮೆ ಇರಬೇಕು. ಇನ್ನೂ ತಣ್ಣಗಿದ್ದಷ್ಟೂ ಲಾಭ ಜಾಸ್ತಿ.

ವಾಪಸ್ ಬರುವ ಪೈಪಿಗೆ ಒಂದು ಸಣ್ಣ ಥರ್ಮಾಮೀಟರ್ ಟೇಪ್ ಹಾಕಿ ಅಂಟಿಸಿದೆ. 75ಕ್ಕೆ ಇಟ್ಟಾಗ 62 ತೋರಿಸಿತು. ಅಂದರೆ ಇಷ್ಟು ದಿನ ಆವಿಯ ಶಾಖವೆಲ್ಲ ಹಿತ್ತಲಿಗೇ ಹೋಗಿದೆ! 55ಕ್ಕೆ ಇಳಿಸಿದೆ. ವಾಪಸ್ ನೀರು 45ಕ್ಕೆ ಬಂತು. ಹಿತ್ತಲ ಗೋಡೆಯಲ್ಲಿ ಬಾಯ್ಲರಿನಿಂದ ಮೋರಿಗೆ ಇಳಿಯುವ ಬಿಳಿ ಪ್ಲಾಸ್ಟಿಕ್ ಪೈಪ್ ಇದೆ. ಅದರ ಬಾಯಿಗೆ ಒಂದು ಲೀಟರಿನ ಜಗ್ ಹಿಡಿದಿಟ್ಟೆ. ಮೊದಲೆಲ್ಲ ಅಲ್ಲಿ ಒಣಗಿಯೇ ಇರುತ್ತಿತ್ತು. ಆ ಸಂಜೆ ಆಗಾಗ ಬುಳಬುಳ ಅಂತ ನೀರು ಸುರಿದು, ಊಟ ಮುಗಿಯುವ ಹೊತ್ತಿಗೆ ಜಗ್ ತುಂಬಿತ್ತು. ಅದನ್ನು ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಆಗ ಅಮ್ಮ ಸಾಗರದಿಂದ ಬಂದಿದ್ದರು. ರೇಡಿಯೇಟರ್ ಮೇಲೆ ಕೈಯಿಟ್ಟು, "ಇದು ಸರಿಯಾಗಿ ಕಾದೇ ಇಲ್ವಲ್ಲೋ" ಅಂದರು. ಗೋಡೆಯ ಥರ್ಮೋಸ್ಟಾಟ್ ತೋರಿಸಿದೆ. ಕೋಣೆ 20 ಡಿಗ್ರಿ ಇತ್ತು. ರೇಡಿಯೇಟರ್ ಕೈ ಸುಡಬೇಕಾಗಿಲ್ಲ, ಮನೆ ಬೆಚ್ಚಗಾದರೆ ಸಾಕು ಅಂದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಬಚ್ಚಲೊಲೆ ಹಾಗೇ ಅಲ್ವಾ, ಒಂದೇ ಸಲ ಸೌದೆ ತುಂಬಿದ್ರೆ ಉರಿಯೆಲ್ಲ ಹೊರಗೇ ಹೋಗತ್ತೆ, ಹಂಡೆಗೆ ಹತ್ತೋದೇ ಇಲ್ಲ" ಅಂದರು. ನಾನು ಅರ್ಧ ಗಂಟೆ ವಿವರಿಸಿದ್ದನ್ನು ಅವರು ಒಂದೇ ಮಾತಲ್ಲಿ ಹೇಳಿಬಿಟ್ಟರು.

ಒಂದು ವ್ಯತ್ಯಾಸ ಇದೆ. ಮನೆ ಬಿಸಿಯಾಗುವುದು ನಿಧಾನ. ಅದಕ್ಕೇ ಬೆಳಿಗ್ಗೆ ಆರಕ್ಕೆ ಶುರುವಾಗುತ್ತಿದ್ದ ಟೈಮರ್ ಅನ್ನು ಐದೂವರೆಗೆ ಇಟ್ಟಿದ್ದೇನೆ. ಹಿಮ ಬಿದ್ದು ಹೊರಗೆ ಮೈನಸ್ ಆದ ವಾರ 60ಕ್ಕೆ ಏರಿಸಿದೆ, ಆಮೇಲೆ ಮತ್ತೆ ಇಳಿಸಿದೆ. ನಲ್ಲಿ ನೀರಿಗೆ 48 ಸಾಕಾಗುತ್ತದೆ. ಅದಕ್ಕಿಂತ ಬಿಸಿ ಮಾಡಿ ತಣ್ಣೀರು ಬೆರೆಸುವುದು ಸುಮ್ನೆ ದಂಡ.

ಆದರೆ ದಯವಿಟ್ಟು ಗಮನಿಸಿ, ಇದು ಕಾಂಬಿ ಬಾಯ್ಲರಿನ, ಅಂದರೆ ನೀರನ್ನು ತುಂಬಿಡದೆ ನಲ್ಲಿ ತಿರುಗಿಸಿದಾಗಲೇ ಕಾಯಿಸಿ ಕೊಡುವ ಬಾಯ್ಲರಿನ ಮಾತು. ನಿಮ್ಮ ಮನೆಯಲ್ಲಿ ಬಿಸಿನೀರು ತುಂಬಿಡುವ ಸಿಲಿಂಡರ್ ಇದ್ದರೆ ಹೀಗೆ ಇಳಿಸಬೇಡಿ. ನಿಂತ ನೀರು 60 ಡಿಗ್ರಿಯಾದರೂ ಮುಟ್ಟದಿದ್ದರೆ ಅದರಲ್ಲಿ ಶ್ವಾಸಕೋಶದ ಕಾಯಿಲೆ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಗ್ಯಾಸ್ ಇಂಜಿನಿಯರನ್ನು ಕೇಳಿಯೇ ಮುಟ್ಟಿ. ವಯಸ್ಸಾದವರೋ ಕೂಸುಗಳೋ ಇದ್ದ ಮನೆಯಲ್ಲಿ ಗ್ಯಾಸ್ ಉಳಿಸೋಕೆ ಅಂತ ಕೋಣೆಯ ಬಿಸಿಯನ್ನೇ ತಗ್ಗಿಸುವುದೂ ಬೇಡ. ನಾವು ಇಳಿಸುತ್ತಿರುವುದು ಪೈಪಿನೊಳಗಿನ ನೀರಿನ ಬಿಸಿ ಮಾತ್ರ.

ನಮ್ಮಲ್ಲಿ ಇನ್ನು ಬಾಕಿ ಇರುವುದು ಮಹಡಿಯ ಸಣ್ಣ ಕೋಣೆ. ಅಲ್ಲಿನ ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗೆ. ಗಾಳಿ ಸೇರಿಕೊಂಡಿದೆ. ಶನಿವಾರ ಕೆಳಗೊಂದು ಬಟ್ಟೆ ಹಿಡಿದು, ಕೀಲಿ ತಿರುಗಿಸಿ ಗಾಳಿ ಬಿಡಬೇಕು. ಆಮೇಲೆ ಬಾಯ್ಲರಿನ ಪ್ರೆಶರ್ 1ರಿಂದ 1.5 ಬಾರ್ ಒಳಗಿದೆಯಾ ನೋಡಬೇಕು.